ಗಾಳಿಸುದ್ದಿಯವಳು

ಬಿಸಿಲಿನ ದಿನಗಳಲ್ಲಿ ನಮ್ಮ ಆಫೀಸಿನ ಫೋನು ಸತ್ತ ಹಾಗೆ ಬಿದ್ದಿರುತ್ತದೆ. ಆಕಾಶದ ಮೂಲೆಯಲ್ಲಿ ಒಂದಿಷ್ಟು ಕಪ್ಪು ಕಂಡಿತೋ, ಅದಕ್ಕೆ ಜೀವ ಬರುತ್ತದೆ. "ಗಾಳಿಯಕ್ಕ ಇದಾರಾ?" "ಗಾಳಿಯಕ್ಕಂಗೆ ಸ್ವಲ್ಪ ಕೊಡಿ." "ಗಾಳಿಯಕ್ಕ ಏನಂತಾರೆ, ಬರುತ್ತಂತಾ?" ಅಲ್ಲಾ, ಹೋದ ತಿಂಗಳು ಅವಳು ಜ್ವರ ಹಿಡಿದು ಮಲಗಿದ್ದಾಗ ನೀವೆಲ್ಲ ಎಲ್ಲಿದ್ರಿ ಎಂದು ಕೇಳಲು ನನ್ನ ಬಾಯಿ ತುರಿಸುತ್ತದೆ. ನುಂಗಿಕೊಂಡು ಫೋನನ್ನು ಅವಳ ಕೈಗೆ ಕೊಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಇಷ್ಟು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದು ಅದರಿಂದಲೇ ಇರಬೇಕು.

ನಮ್ಮದು ಕಡಲತೀರದ ಸೇವಾಸಂಸ್ಥೆಗಳ ಒಕ್ಕೂಟ. ಹೆಸರು ಕೇಳಿ ಹೆದರಬೇಡಿ. ಇರುವುದು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ, ಕಿರುಗುಟ್ಟುವ ಒಂದು ಫ್ಯಾನು, ಕಾಲಿಗೆ ತಂತಿ ಸುತ್ತಿದ ಒಂದು ಬೆಂಚು. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ನಮ್ಮ ಟೇಬಲ್ಲು ಅದುರುತ್ತದೆ. ನಾನು ಇಲ್ಲಿ ಟೈಪಿಸ್ಟ್. ಟೈಪು ಮಾಡುವುದರ ಜೊತೆಗೆ ಕಸ ಗುಡಿಸುವುದು, ಟೀ ತರಿಸುವುದು, ಅಧ್ಯಕ್ಷರ ಕನ್ನಡಕ ಹುಡುಕಿ ಕೊಡುವುದು ಎಲ್ಲ ನನ್ನ ತಲೆಗೇ. ಒಕ್ಕೂಟದಲ್ಲಿ ಇರುವವೆಲ್ಲ ಬಡಪಾಯಿ ಸಂಸ್ಥೆಗಳು. ಒಂದು ವೃದ್ಧಾಶ್ರಮ, ಬೀದಿನಾಯಿಗಳ ಆಶ್ರಯ, ಮೀನು ಮಾರುವ ಹೆಂಗಸರ ಮಕ್ಕಳಿಗೊಂದು ಶಿಶುವಿಹಾರ, ಕಣ್ಣು ಕಾಣದ ಹುಡುಗಿಯರ ಶಾಲೆ, ಇಂಥವು. ಉಳ್ಳವರು ಕಡಲಿಗೆ ಮುಖ ಮಾಡಿ ಮನೆ ಕಟ್ಟುವುದು ನೋಟಕ್ಕೆ. ಇವರು ಅಲ್ಲಿರುವುದು ಬೇರೆಲ್ಲೂ ಯಾರೂ ಜಾಗ ಕೊಡದ್ದಕ್ಕೆ. ಚಂಡಮಾರುತ ಬಂದರೆ ಮೊದಲ ಏಟು ಇವರಿಗೇ ಬೀಳುತ್ತದೆ. ಆ ಏಟು ಬೀಳುವ ಮುಂಚೆ ಇವರನ್ನು ಸಜ್ಜು ಮಾಡುವುದು ಗಾಳಿಯಕ್ಕನ ಕೆಲಸ.

ಅದು ಎಂಥ ಕೆಲಸ ಎಂದು ಒಮ್ಮೆ ಅವಳ ಹಿಂದೆ ಸುತ್ತಿದರೆ ಗೊತ್ತಾಗುತ್ತದೆ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿಸಬೇಕು, ಖಾಲಿ ಇದ್ದರೆ ಗಾಳಿಗೆ ಹಾರಿ ಪಕ್ಕದವರ ಮಾಡಿನ ಮೇಲೆ ಕೂರುತ್ತದೆ. ಬೋರ್ಡು ಬಿಚ್ಚಿ ಒಳಗಿಡಬೇಕು. ಗ್ಯಾಸ್ ಸಿಲಿಂಡರನ್ನು ಕಿಟಕಿಯ ಸರಳಿಗೆ ಬಿಗಿಯಬೇಕು. ಮಾತ್ರೆಗಳನ್ನು ಮುಚ್ಚಳದ ಡಬ್ಬಿಗೆ ಹಾಕಬೇಕು. ಯಾರು ಯಾರ ಕೈ ಹಿಡಿದು ನಡೆಯಬೇಕು, ಯಾವ ಬಸ್ಸಿಗೆ ಯಾರು, ಕೊನೆಗೆ ಬೀಗ ಹಾಕುವವರು ಯಾರು, ಎಲ್ಲ ಮೊದಲೇ ಗೊತ್ತಿರಬೇಕು. ಇದನ್ನೆಲ್ಲ ಅವಳು ಹೇಳುವುದು ಮದುವೆ ಮನೆಗೆ ಕರೆಯುವವರ ಹಾಗೆ, ನಗುನಗುತ್ತಾ. ವೃದ್ಧಾಶ್ರಮದ ಒಬ್ಬ ಅಜ್ಜ ಅವಳನ್ನು ಕಂಡಾಗಲೆಲ್ಲ, "ಬಾರಮ್ಮಾ, ನಮ್ಮನ್ನ ಮಕ್ಕಳಂತೂ ಕರ್ಕೊಂಡು ಹೋಗಲಿಲ್ಲ, ಗಾಳಿಯಾದ್ರೂ ಎತ್ಕೊಂಡು ಹೋಗ್ಲಿ ಬಿಡು" ಎನ್ನುತ್ತಾನೆ. ಅವಳು ಅವನ ಚಪ್ಪಲಿಯನ್ನು ಚೀಲಕ್ಕೆ ತುಂಬುತ್ತಾ, "ಗಾಳಿಗೂ ಒಂದು ಅಂತಸ್ತು ಇದೆ ಅಜ್ಜಾ, ಸಿಕ್ಕಿದ್ದನ್ನೆಲ್ಲ ಎತ್ಕೊಂಡು ಹೋಗಲ್ಲ" ಎನ್ನುತ್ತಾಳೆ. ಇಡೀ ಕೋಣೆ ನಗುತ್ತದೆ.

ಆದರೆ ಗಾಳಿ ಇಲ್ಲದ ದಿನ ಅವಳನ್ನು ಯಾರೂ ಒಳಗೆ ಕರೆಯುವುದಿಲ್ಲ. ಹಾಗೇ ನೋಡಿಕೊಂಡು ಹೋಗೋಣ ಎಂದು ಗೇಟಿನ ಹತ್ತಿರ ನಿಂತರೆ ಕಾವಲುಗಾರನ ಮುಖ ಬಿಳುಚಿಕೊಳ್ಳುತ್ತದೆ. "ಏನಕ್ಕಾ, ಮತ್ತೆ ಏನಾದ್ರೂ ಬರ್ತಾ ಇದ್ಯಾ?" ಏನೂ ಇಲ್ಲ ಎಂದರೂ ನಂಬಿಕೆ ಇಲ್ಲ. ಶಿಶುವಿಹಾರದ ಆಯಾ ಒಬ್ಬಳು ನನ್ನೆದುರೇ, "ಆಯಮ್ಮ ಬಂದ್ರೆ ಎದೆ ಧಸಕ್ ಅನ್ನುತ್ತೆ ಕಣ್ರಿ" ಎಂದಿದ್ದಳು. ಪಾಪ, ಆಯಾಳದೂ ತಪ್ಪಲ್ಲ. ಆದರೆ ಹೀಗೆ ಎಲ್ಲರಿಗೂ ಬೇಕಾದವಳು ಯಾರಿಗೂ ಬೇಡವಾಗುವುದನ್ನು ದಿನಾ ಪಕ್ಕದಲ್ಲಿ ಕೂತು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗಾಳಿಯಕ್ಕನಿಗೆ ಮದುವೆ ಆಗಲಿಲ್ಲ. ತಂದೆತಾಯಿ ಹೋಗಿ ಬಹಳ ಕಾಲವಾಯಿತು. ಬಂದರಿನ ರಸ್ತೆಯಲ್ಲಿ ಬಲೆ ರಿಪೇರಿ ಮಾಡುವವರ ಮನೆಯ ಹಿಂದೆ ಒಂದೇ ಕೋಣೆಯಲ್ಲಿ ಇರುತ್ತಾಳೆ. ಒಂದು ಮಂಚ, ಒಂದು ಸ್ಟವ್ವು, ಸದಾ ಮಾತಾಡುವ ಒಂದು ರೇಡಿಯೋ. ಹವಾಮಾನ ಕೇಳೋದಕ್ಕೆ ಎನ್ನುತ್ತಾಳೆ. ಅದರಲ್ಲಿ ಅಡುಗೆ ಕಾರ್ಯಕ್ರಮ ಬರುತ್ತಿರುವುದನ್ನು ನಾನೇ ಕೇಳಿದ್ದೇನೆ. ಮನೆಯಲ್ಲಿ ಮನುಷ್ಯರ ಧ್ವನಿ ಇರಲಿ ಎಂದು ಹಾಕಿಕೊಳ್ಳುತ್ತಾಳೆ, ಅಷ್ಟೇ. ನಮ್ಮ ಮನೆಗೆ ಬಂದಿರು ಎಂದು ಎಷ್ಟು ಸಲ ಕರೆದೆ. "ನಿಂಗೆ ಗಂಡ ಮಕ್ಕಳು ಇದಾರೆ, ನಡುವೆ ನಾನ್ಯಾಕೆ ಗುಮ್ಮನ ಹಾಗೆ" ಎಂದು ತಪ್ಪಿಸಿಕೊಳ್ಳುತ್ತಾಳೆ.

ಹಾಗೆಂದು ಅವಳಿಗೆ ತನ್ನವರು ಯಾರೂ ಇಲ್ಲ ಎಂದಲ್ಲ. ಒಡಹುಟ್ಟಿದ ಅಕ್ಕ ಇದ್ದಾಳೆ, ಇದೇ ಊರಿನಲ್ಲಿ. ಕಣ್ಣು ಕಾಣದ ಹುಡುಗಿಯರ ಶಾಲೆ ಎಂದೆನಲ್ಲ, ಅದನ್ನು ನಡೆಸುವವಳು ಅವಳೇ. ಎಲ್ಲರೂ ಟೀಚರಮ್ಮ ಎನ್ನುತ್ತಾರೆ. ತಾಯಿ ಬೇಗ ಹೋದಮೇಲೆ ತಂಗಿಗೆ ಜಡೆ ಹಾಕಿ, ಉಣ್ಣಿಸಿ, ಓದಿಸಿ ದೊಡ್ಡವಳನ್ನು ಮಾಡಿದವಳು. ಆ ಟೀಚರಮ್ಮ ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳಾದವು. ಗಾಳಿಯಕ್ಕನ ಬದುಕಿನಲ್ಲಿ ಬೇಕು ಎನ್ನುವುದು ಏನಾದರೂ ಇದ್ದರೆ ಅದೊಂದೇ: ಅಕ್ಕ ತನ್ನ ಹತ್ತಿರ ಮಾತಾಡಬೇಕು.

ಮಾತು ಬಿಟ್ಟದ್ದು ಬಾರದ ಒಂದು ಗಾಳಿಯಿಂದ. ಆ ಸಲ ಚಂಡಮಾರುತ ನೇರ ನಮ್ಮ ಕಡೆಗೇ ಮುಖ ಮಾಡಿತ್ತು. ಗಾಳಿಯಕ್ಕ ಊರೆಲ್ಲ ಓಡಾಡಿ ಎಲ್ಲರನ್ನೂ ಎಬ್ಬಿಸಿದಳು. ಮೊದಲು ಎಬ್ಬಿಸಿದ್ದು ಅಕ್ಕನ ಶಾಲೆಯನ್ನೇ. ಟೀಚರಮ್ಮನ ಗಂಡ, ಎಂದರೆ ಇವಳ ಭಾವ, ಒಳ್ಳೇ ತಮಾಷೆಯ ಮನುಷ್ಯ. "ನಾದಿನಿ ಬಂದ್ಲು ನೋಡು, ಗಂಟುಮೂಟೆ ಕಟ್ಟು" ಎಂದು ನಗುತ್ತಲೇ ಕೆಲಸಕ್ಕೆ ನಿಂತ. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಪುಸ್ತಕಗಳನ್ನು ನೀವು ನೋಡಿದ್ದೀರೋ ಇಲ್ಲವೋ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ನಾವು ಕೈಚೀಲಕ್ಕೆ ಹಾಕಿಕೊಳ್ಳುವ ಒಂದು ಕಥೆಪುಸ್ತಕ ಅದರಲ್ಲಿ ಒಂದು ಪೆಟ್ಟಿಗೆ ತುಂಬುತ್ತದೆ. ಆ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಮಹಡಿಗೆ ಸಾಗಿಸಿದ. ಕೊನೆಯದನ್ನು ಇಳಿಸಿ, ಉಸ್ಸಪ್ಪಾ ಎಂದು ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ.

ಗಾಳಿ ಬರಲೇ ಇಲ್ಲ. ನಡುಗಡಲಿನಲ್ಲಿ ಪಕ್ಕಕ್ಕೆ ತಿರುಗಿ ಇನ್ಯಾರದೋ ತೀರಕ್ಕೆ ಹೋಯಿತು. ಮರುದಿನ ಹೊಳೆಯುವ ಬಿಸಿಲು, ಒಂದು ಎಲೆಯೂ ಅಲ್ಲಾಡಲಿಲ್ಲ. ಅಂಥ ಬಿಸಿಲಿನಲ್ಲಿ ಭಾವನನ್ನು ಕಳಿಸಿಕೊಟ್ಟೆವು.

ಊರಿಗೆ ಬಾಯಿ ಇರುವುದೇ ಆಡಿಕೊಳ್ಳುವುದಕ್ಕೆ. ಇವಳು ತಂದ ಗಾಳಿಯ ಸುದ್ದಿ ಬರೀ ಗಾಳಿಸುದ್ದಿ ಎಂದು ಯಾರೋ ತಲೆಹರಟೆ ಶುರು ಮಾಡಿದ. ಅದು ಬಂದರಿನಿಂದ ಬಸ್ ನಿಲ್ದಾಣದವರೆಗೆ ಹಬ್ಬಿತು. ಎದುರಿಗೆ ಗಾಳಿಯಕ್ಕ, ಬೆನ್ನ ಹಿಂದೆ ಗಾಳಿಸುದ್ದಿ. ಅವಳಿಗೂ ಗೊತ್ತು. ನಗುತ್ತಾಳೆ. ಟೀಚರಮ್ಮ ಮಾತ್ರ ಆಡಿಕೊಳ್ಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಯಿಗೆ ಬೀಗ ಹಾಕಿಕೊಂಡಳು, ತಂಗಿಯ ಮಟ್ಟಿಗೆ.

ಭಾನುವಾರ ಗಾಳಿಯಕ್ಕ ಶಾಲೆಗೆ ಫೋನು ಮಾಡುತ್ತಾಳೆ. ಅಕ್ಕ ಎತ್ತುತ್ತಾಳೆ. ಇವಳ ಧ್ವನಿ ಕೇಳಿದ ಕೂಡಲೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ಇವಳು ಈ ಕಡೆ ಕಿವಿಗೆ ಹಿಡಿದುಕೊಂಡೇ ಇರುತ್ತಾಳೆ. ಹುಡುಗಿಯರು ಪಾಠ ಒಪ್ಪಿಸುವುದು, ತಟ್ಟೆ ಸದ್ದು, ಅಕ್ಕ ಯಾರನ್ನೋ ಗದರುವುದು ಎಲ್ಲ ಕೇಳಿಸುತ್ತದಂತೆ. ಕೇಳಿ ಮುಗಿದಮೇಲೆ ತಾನೇ ಇಡುತ್ತಾಳೆ. ಇದು ಗೊತ್ತಾದ ದಿನ ನನಗೆ ಕೆಟ್ಟ ಕೋಪ ಬಂತು. "ನಿಂಗೆ ಮಾನ ಮರ್ಯಾದೆ ಇಲ್ವೇನೇ?" ಎಂದೆ.

"ಕಟ್ ಮಾಡಲ್ಲ ಕಣೇ ಅವಳು. ಬೇಕಾದ್ರೆ ಕಟ್ ಮಾಡಬಹುದಿತ್ತಲ್ಲ?" ಎಂದಳು, ಏನೋ ದೊಡ್ಡ ಬಹುಮಾನ ಬಂದವಳ ಹಾಗೆ. ಇಂಥವಳಿಗೆ ಏನು ಹೇಳುತ್ತೀರಿ?

ಈ ವರ್ಷ ಮಳೆಗಾಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಕಡಲಲ್ಲಿ ಒಂದು ಸುಳಿ ಎದ್ದಿತು. ರೇಡಿಯೋ ಇನ್ನೂ ಬರಬಹುದು, ಬಾರದಿರಬಹುದು ಎನ್ನುತ್ತಿತ್ತು. ಸರ್ಕಾರದ ಆದೇಶ ಹೊರಟಿರಲಿಲ್ಲ. ಆದೇಶ ಬರುವ ಹೊತ್ತಿಗೆ ಇರುವುದೊಂದು ರಸ್ತೆಯಲ್ಲಿ ಊರಿಗೆ ಊರೇ ನುಗ್ಗುತ್ತದೆ, ಆ ನೂಕುನುಗ್ಗಲಿನಲ್ಲಿ ಕಣ್ಣು ಕಾಣದ ಮಕ್ಕಳನ್ನು, ಕಾಲು ಬಾರದ ಅಜ್ಜಂದಿರನ್ನು ಸಾಗಿಸಲು ಆಗುವುದಿಲ್ಲ. ಆದ್ದರಿಂದ ನಮ್ಮವರು ಯಾವಾಗಲೂ ಒಂದು ದಿನ ಮುಂಚೆಯೇ ಹೊರಡಬೇಕು, ಎಂದರೆ ಆಕಾಶ ಇನ್ನೂ ನೀಲಿಯಾಗಿದ್ದಾಗ. ಗಾಳಿಯಕ್ಕನ ಪಜೀತಿ ಇರುವುದು ಇಲ್ಲಿಯೇ. ನೀಲಿ ಆಕಾಶ ತೋರಿಸಿ ಓಡಿ ಎನ್ನಬೇಕು.

ವೃದ್ಧಾಶ್ರಮ ಗೊಣಗುತ್ತಾ ಹೊರಟಿತು. ನಾಯಿಗಳನ್ನು ಲಾರಿ ಹತ್ತಿಸಿದೆವು. ಅವುಗಳ ಗಲಾಟೆಗೆ ನನಗೆ ತಲೆ ಚಿಟ್ಟು ಹಿಡಿಯಿತು. ಶಿಶುವಿಹಾರದ ಮಕ್ಕಳನ್ನು ತಾಯಂದಿರು ಕರೆದುಕೊಂಡು ಹೋದರು. ಉಳಿದದ್ದು ಒಂದು ಶಾಲೆ. ಅಧ್ಯಕ್ಷರು ಹೋಗಿ ಬಂದಿದ್ದರು, ಟೀಚರಮ್ಮ ಅವರಿಗೆ ಟೀ ಕೊಟ್ಟು ಕಳಿಸಿದ್ದಳು.

"ನೀನೂ ಬಾ," ಎಂದಳು ಗಾಳಿಯಕ್ಕ ನನಗೆ. "ಅವಳು ನನ್ನ ಹತ್ರ ಮಾತಾಡಲ್ಲ. ಮಧ್ಯೆ ಒಬ್ರು ಬೇಕು."

ಶಾಲೆ ಮರಳಿನ ದಿಬ್ಬದ ಮೇಲೆ, ಕಡಲಿಗೆ ಕೈಯಳತೆಯಲ್ಲಿದೆ. ಬಾಗಿಲಿನಿಂದ ಊಟದ ಮನೆಯವರೆಗೆ ಗೋಡೆಗೆ ಹಗ್ಗ ಕಟ್ಟಿದ್ದಾರೆ, ಹುಡುಗಿಯರು ಅದನ್ನು ಹಿಡಿದು ಓಡುತ್ತಾರೆ, ನಡೆಯುವುದಿಲ್ಲ, ಓಡುತ್ತಾರೆ. ಟೀಚರಮ್ಮ ಆಫೀಸು ಕೋಣೆಯಲ್ಲಿ ಕೂತಿದ್ದಳು. ಗಿಡ್ಡ ಹೆಂಗಸು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು. ನನಗೆ ಕುರ್ಚಿ ತೋರಿಸಿದಳು. ತಂಗಿ ನಿಂತೇ ಇದ್ದಳು, ಕೂತುಕೋ ಎನ್ನುವವರಿಲ್ಲ.

"ಯಾಕೆ ಬಂದ್ರಿ ಅಂತ ನಂಗೆ ಗೊತ್ತು," ಎಂದಳು ಟೀಚರಮ್ಮ ನನ್ನ ಮುಖ ನೋಡಿ. "ಅವಳಿಗೆ ಹೇಳಿ, ಇಲ್ಲಿಂದ ಯಾರೂ ಎಲ್ಲಿಗೂ ಹೋಗಲ್ಲ."

ನಾನು ತಿರುಗಿ ಹೇಳಬೇಕಾಗಿರಲಿಲ್ಲ. ಅವಳು ನನ್ನ ಭುಜದ ಹಿಂದೆಯೇ ಇದ್ದಳು.

"ಅಕ್ಕನಿಗೆ ಹೇಳೇ, ಬಸ್ಸು ಮಧ್ಯಾಹ್ನದವರೆಗೆ ಕಾಯುತ್ತೆ ಅಂತ."

"ಅವಳಿಗೆ ಹೇಳಿ, ಬಸ್ಸಿನವರಿಗೆ ಬೇರೆ ಕೆಲಸ ಇರುತ್ತೆ, ಕಳಿಸಿಬಿಡಲಿ ಅಂತ."

"ಅಕ್ಕನಿಗೆ ಹೇಳೇ, ಈ ಸಲ ಅದು ತಿರುಗೋ ಹಾಗೆ ಕಾಣ್ತಿಲ್ಲ."

"ಅವಳಿಗೆ ಹೇಳಿ, ಹೋದ ಸಲನೂ ಹಾಗೇ ಹೇಳಿದ್ಲು."

ಟೆನಿಸ್ ಆಟ ನೋಡುವವಳ ಹಾಗೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ನನಗೆ ಸಾಕಾಯಿತು. ತಾಳ್ಮೆಗೂ ಒಂದು ಮಿತಿ ಇದೆಯಲ್ಲ. "ನಾನೇನು ಮೈಕಾ ನಿಮಗೆ?" ಎಂದು ಎದ್ದುಬಿಟ್ಟೆ. "ಇಬ್ಬರಿಗೂ ಬಾಯಿ ಇದೆ, ಇಬ್ಬರಿಗೂ ಕಿವಿ ಇದೆ. ಏನಾದ್ರೂ ಮಾಡ್ಕೊಳ್ಳಿ. ಸಣ್ಣ ಮಕ್ಕಳೂ ಹೀಗೆ ಆಡಲ್ಲ." ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ದೂರವೇನೂ ಹೋಗಲಿಲ್ಲ. ಬಾಗಿಲ ಪಕ್ಕದಲ್ಲೇ ನಿಂತೆ. ಹೋಗು ಎಂದರೆ ಹೋಗುವ ಕಾಲುಗಳಲ್ಲ ನನ್ನವು.

ಒಳಗೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಟೀಚರಮ್ಮನ ಧ್ವನಿ ಕೇಳಿಸಿತು.

"ಬೀರೂ, ಅವಳಿಗೆ ಹೇಳು."

ಮೊದಲು ನನಗೆ ಅರ್ಥವಾಗಲಿಲ್ಲ. ಬಾಗಿಲ ಸಂದಿಯಲ್ಲಿ ಇಣುಕಿದೆ. ಮೂಲೆಯಲ್ಲಿ ಒಂದು ಸ್ಟೀಲಿನ ಬೀರು ಇದೆ, ಟೀಚರಮ್ಮ ಅದರ ಕಡೆ ಮುಖ ಮಾಡಿ ಕೂತಿದ್ದಾಳೆ! ನಗು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡೆ.

"ಬೀರೂ, ಅವಳಿಗೆ ಹೇಳು. ಅವಳ ಮಾತು ಕೇಳಿ ನಾನು ನನ್ನ ಮನುಷ್ಯನ್ನ ಕಳ್ಕೊಂಡೆ. ಅದೂ ಬಾರದೇ ಹೋದ ಗಾಳಿಗೆ. ಬಂದಿದ್ರೆ, ಮಕ್ಕಳನ್ನ ಉಳಿಸೋಕೆ ಹೋದ ಅಂತಾದ್ರೂ ಅಂದ್ಕೊಳ್ತಿದ್ದೆ. ಈಗ ಏನಂತ ಅಂದ್ಕೊಳ್ಳಲಿ?"

ನನ್ನ ನಗು ಎಲ್ಲಿ ಹೋಯಿತೋ. ಸೆರಗು ಬಾಯಲ್ಲೇ ಉಳಿಯಿತು.

"ಬೀರೂ, ಅಕ್ಕನಿಗೆ ಹೇಳು," ಎಂದಳು ತಂಗಿ. ಅವಳ ಧ್ವನಿ ಇಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. "ನಾನು ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ. ಮಕ್ಕಳನ್ನ ಮಾತ್ರ ಬಸ್ಸು ಹತ್ತಿಸಲಿ. ಈ ಸಲ ಗಾಳಿ ಬರದೇ ಹೋದ್ರೆ ನಾನು ಈ ಕೆಲಸ ಬಿಡ್ತೀನಿ, ಈ ಊರೂ ಬಿಡ್ತೀನಿ. ಮತ್ತೆ ಅವಳ ಕಣ್ಣಿಗೆ ಬೀಳಲ್ಲ. ಫೋನೂ ಮಾಡಲ್ಲ."

ಟೀಚರಮ್ಮ ಬೀರುವಿನ ಬಾಗಿಲನ್ನು ಅಂಗೈಯಿಂದ ಒಮ್ಮೆ ಒರೆಸಿದಳು.

"ಬೀರೂ, ಅವಳಿಗೆ ಹೇಳು, ಆಯ್ತು ಅಂತ. ಬರದೇ ಹೋದ್ರೆ ಮಾತಿಗೆ ತಪ್ಪಬಾರದು. ಪುಸ್ತಕ?"

"ಪುಸ್ತಕ ಬೇಡ. ಸಾಮಾನು ಬೇಡ. ಮಕ್ಕಳು ಮತ್ತೆ ಅವರ ಔಷಧಿ. ಯಾರೂ ಏನನ್ನೂ ಎತ್ತಬಾರದು, ಅಕ್ಕ, ಯಾರೂ."

ಬೀರುವನ್ನು ಮರೆತು ನೇರವಾಗಿ ಅಕ್ಕ ಎಂದುಬಿಟ್ಟಿದ್ದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೋ ಸಿಟ್ಟು. ಬಸ್ಸಿನ ಹತ್ತಿರ ಅವಳ ತೋಳು ಹಿಡಿದು ನಿಲ್ಲಿಸಿದೆ. "ತಲೆ ಕೆಟ್ಟಿದ್ಯಾ ನಿಂಗೆ? ಗಾಳಿ ಏನು ನಿನ್ನ ಸೋದರಮಾವನ ಮಗನಾ, ಕರೆದ್ರೆ ಬರೋಕೆ? ಬರದೇ ಹೋದ್ರೆ ಎಲ್ಲಿಗೆ ಹೋಗ್ತೀಯ?"

"ಬರಬಾರದು ಅಂತ ತಾನೇ ಎಲ್ಲರೂ ಬೇಡ್ಕೊಳ್ಳೋದು," ಎಂದಳು. "ನಾನೂ ಅದನ್ನೇ ಬೇಡ್ಕೋಬೇಕು. ಬಂದ್ರೆ ಅವಳ ಶಾಲೆ ಉಳಿಯಲ್ಲ. ಬರದೇ ಹೋದ್ರೆ ನಾನು ಉಳಿಯಲ್ಲ." ಅಷ್ಟು ಹೇಳಿ, ಬಸ್ಸಿನ ಮೆಟ್ಟಿಲಲ್ಲಿ ನಿಂತು ಹುಡುಗಿಯರ ಕೈ ಒಂದೊಂದಾಗಿ ಹಿಡಿದು ಹತ್ತಿಸತೊಡಗಿದಳು. ಅವರಲ್ಲಿ ದೊಡ್ಡವರು ಅವಳ ಬೆರಳು ಮುಟ್ಟಿಯೇ ಗುರುತು ಹಿಡಿದರು. "ಚಿಕ್ಕಮ್ಮಾ! ಚಿಕ್ಕಮ್ಮ ಬಂದಿದಾರೆ ಕಣ್ರೇ!" ಎಂದು ಕೂಗಿದರು. ಟೀಚರಮ್ಮ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಮ್ಮೆಲ್ಲರನ್ನೂ ಇಳಿಸಿದ್ದು ಒಳನಾಡಿನ ಒಂದು ಕಾಲೇಜಿನ ಸಭಾಂಗಣದಲ್ಲಿ. ಒಂದು ಬದಿಯಲ್ಲಿ ವೃದ್ಧಾಶ್ರಮ, ಇನ್ನೊಂದು ಬದಿಯಲ್ಲಿ ಶಾಲೆ, ಹೊರಗಿನ ಸೈಕಲ್ ಶೆಡ್ಡಿನಲ್ಲಿ ನಾಯಿಗಳು. ಮರುದಿನ ಬೆಳಗಾಯಿತು. ಎದ್ದು ನೋಡಿದರೆ ಬಿಸಿಲು. ಕಾಲೇಜಿನ ಅಂಗಳದಲ್ಲಿ ಯಾರೋ ಒಗೆದ ಬಟ್ಟೆ ಹರವಿದ್ದರು, ಅದು ಸುಮ್ಮನೆ ಜೋತುಬಿದ್ದಿತ್ತು.

ಶುರುವಾಯಿತು. ವೃದ್ಧಾಶ್ರಮದ ಅಡುಗೆಯವನು ಆಕಾಶ ನೋಡಿ, "ಒಳ್ಳೇ ಪಿಕ್ನಿಕ್ಕು" ಎಂದ. ನಾಯಿಗಳ ಡಾಕ್ಟರು, ಓದಿದ ಮನುಷ್ಯ, ಅವನೂ ಮೆಲ್ಲಗೆ, "ಗಾಳಿಸುದ್ದಿನೇ ಇರಬೇಕು ಬಿಡಿ" ಎಂದ. ನಾನು ಅವನನ್ನು ಹೇಗೆ ನೋಡಿದೆ ಎಂದರೆ ಅವನು ಟೀ ಲೋಟ ಅಲ್ಲೇ ಇಟ್ಟು ನಾಯಿಗಳ ಹತ್ತಿರ ಹೋದ. ಅಧ್ಯಕ್ಷರು ಮಾತ್ರ ಎಂದಿನಂತೆ ಕನ್ನಡಕ ಹುಡುಕುತ್ತಿದ್ದರು.

ಗಾಳಿಯಕ್ಕ ಸಭಾಂಗಣದ ಕೊನೆಯ ಕಿಟಕಿಯ ಹತ್ತಿರ ಒಂದು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಸುತ್ತ ಖಾಲಿ ಜಾಗ. ಸಾಮಾನ್ಯವಾಗಿ ಅವಳನ್ನು ಅಕ್ಕಾ ಅಕ್ಕಾ ಎಂದು ಮುತ್ತುವವರು ಅವತ್ತು ಆ ಕಡೆ ಸುಳಿಯಲಿಲ್ಲ. ಸೋಲುವವಳ ಪಕ್ಕ ಕೂರಲು ಯಾರಿಗೆ ಇಷ್ಟ? ನಾನು ಬನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ.

"ಎಲ್ಲಿಗೆ ಹೋಗೋದು ಅಂತ ಯೋಚನೆ ಮಾಡ್ತಿದೀನಿ," ಎಂದಳು. "ಕಡಲು ಇಲ್ಲದ ಕಡೆ ನಂಗೆ ಯಾವ ಕೆಲಸ ಬರುತ್ತೆ ಹೇಳು."

"ನಮ್ಮನೆಗೆ ಬಾ."

"ನಿಮ್ಮನೇನೂ ಅದೇ ಊರಲ್ಲಿದೆಯಲ್ಲೇ."

ನಕ್ಕಳು. ನನಗೆ ಅಳು ಬಂತು, ತಿರುಗಿ ಬಂದುಬಿಟ್ಟೆ. ಆ ಕಡೆ ಟೀಚರಮ್ಮ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಏನೋ ಕಥೆ ಹೇಳುತ್ತಿದ್ದಳು. ಕಥೆಯ ನಡುವೆ ಒಮ್ಮೆ ತಲೆಯೆತ್ತಿ ಕೊನೆಯ ಕಿಟಕಿಯ ಕಡೆ ನೋಡಿದಳು. ಸುಳ್ಳು ಯಾಕೆ ಹೇಳಲಿ, ಆ ನೋಟದಲ್ಲಿ ಏನಿತ್ತು ಎಂದು ನನಗೆ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಆಮೇಲೆ ಅಂಗಳದ ಬಟ್ಟೆ ಒಮ್ಮೆ ಮೆಲ್ಲಗೆ ಎದ್ದಿತು, ಮತ್ತೆ ಬಿದ್ದಿತು. ಬಿಸಿಲಿನ ಬಣ್ಣ ಹಳದಿಯಾಯಿತು. ಹುಡುಗಿಯೊಬ್ಬಳು, "ಟೀಚರಮ್ಮಾ, ದೂರದಲ್ಲಿ ರೈಲು ಬರ್ತಿದೆ" ಎಂದಳು. ಆ ಊರಿಗೆ ರೈಲು ಇಲ್ಲ. ನಮ್ಮ ಕಿವಿಗೆ ಇನ್ನೂ ಏನೂ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಮಗೂ ಕೇಳಿಸಿತು.

ಮೊದಲ ಹೊಡೆತಕ್ಕೆ ಸಭಾಂಗಣದ ದೊಡ್ಡ ಬಾಗಿಲು ಧಡಾರ್ ಎಂದು ಬಡಿದುಕೊಂಡಿತು. ಎಲ್ಲರ ತಲೆಯೂ ಒಟ್ಟಿಗೆ ಗಾಳಿಯಕ್ಕನ ಕಡೆ ತಿರುಗಿತು. ಅವಳು ಗೆದ್ದಿದ್ದಳು. ಕೆಲಸ ಉಳಿಯಿತು, ಊರು ಉಳಿಯಿತು, ಮಾತು ಉಳಿಯಿತು. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಡುಗೆಯವನಿಗೆ ಅದು ಸಂತೋಷದ ಅಳು ಎನ್ನಿಸಿತಂತೆ. ಆ ಪುಣ್ಯಾತ್ಮನಿಗೆ ಅಷ್ಟೇ ಬುದ್ಧಿ.

ಆಮೇಲಿನದು ಹೇಳುವುದು ಬೇಡ. ಕತ್ತಲಾಗುವ ಮೊದಲೇ ಕತ್ತಲಾಯಿತು. ಹುಡುಗಿಯರು ಮಾತ್ರ ಹೆದರಲಿಲ್ಲ, ಕತ್ತಲು ಅವರಿಗೆ ಹೊಸದಲ್ಲ. ವೃದ್ಧಾಶ್ರಮದ ಅಜ್ಜಂದಿರ ಕೈ ಹಿಡಿದುಕೊಂಡು ಅವರೇ ಸಮಾಧಾನ ಹೇಳಿದರು.

ರಸ್ತೆ ಬಿಡಿಸಿದ ದಿನ ನಾವು ಶಾಲೆಗೆ ಹೋದೆವು. ಟೀಚರಮ್ಮ ಮುಂದೆ, ಸ್ವಲ್ಪ ಹಿಂದೆ ನಾನು, ಇನ್ನೂ ಹಿಂದೆ ಗಾಳಿಯಕ್ಕ. ಶಾಲೆಯ ಹತ್ತಿರ ಬಂದಾಗ ಶಾಲೆ ಕಾಣಲಿಲ್ಲ, ಅದರ ಗೋಡೆಗಳು ಕಂಡವು. ಮಹಡಿಯ ಮಾಡು ಪೂರ್ತಿ ಹೋಗಿತ್ತು. ಕೆಳಗೆ ಕಡಲು ಒಂದು ಬಾಗಿಲಿನಿಂದ ಬಂದು ಇನ್ನೊಂದು ಗೋಡೆ ಒಡೆದುಕೊಂಡು ಹೋಗಿತ್ತು. ಹುಡುಗಿಯರು ಮಲಗುವ ಕೋಣೆಯಲ್ಲಿ ಮಂಚಗಳು ಒಂದರ ಮೇಲೊಂದು ಬಿದ್ದು, ನಡುವೆ ಆಳೆತ್ತರ ಮರಳು. ಆ ಮಂಚಗಳ ಮೇಲೆ ಅವರು ಮಲಗಿದ್ದಿದ್ದರೆ ಎಂದು ಯೋಚಿಸುವುದಕ್ಕೂ ನನ್ನಿಂದಾಗಲಿಲ್ಲ.

ಟೀಚರಮ್ಮ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಅಲ್ಲಿಂದ ಪುಸ್ತಕದ ಕೋಣೆಗೆ ಹೋದಳು. ಪುಸ್ತಕಗಳು ನೀರು ಕುಡಿದು ಉಬ್ಬಿ, ಬೆನ್ನು ಬಿರಿದು, ನೆಲದ ತುಂಬ ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ತೆರೆದಳು. ಕಣ್ಣು ಕಾಣುವವಳೇ ಆದರೂ ಓದುವಾಗ ಅವಳದು ಬೆರಳಿನ ಅಭ್ಯಾಸ. ಬೆರಳು ಹಾಳೆಯ ಮೇಲೆ ಎಡದಿಂದ ಬಲಕ್ಕೆ ಹೋಯಿತು. ಮತ್ತೊಂದು ಹಾಳೆ. ಮತ್ತೊಂದು ಪುಸ್ತಕ. ನನಗೆ ಆಗ ಹೊಳೆಯಿತು. ನಮ್ಮ ಪುಸ್ತಕ ನೆಂದರೆ ಒಣಗಿಸಿ ಓದಬಹುದು. ಬ್ರೈಲ್ ನೆಂದರೆ ಉಬ್ಬಿದ ಚುಕ್ಕಿಗಳು ಕೂತುಬಿಡುತ್ತವೆ. ಅಕ್ಷರವೇ ಇರುವುದಿಲ್ಲ.

"ಎಲ್ಲಾ ನುಣ್ಣಗಾಗಿದೆ," ಎಂದಳು ಯಾರಿಗೂ ಅಲ್ಲದ ಹಾಗೆ. ಗಂಡ ಒಂದೊಂದಾಗಿ ಮಹಡಿಗೆ ಹೊತ್ತಿದ್ದ, ಆಮೇಲೆ ಮತ್ತೆ ಕೆಳಗೆ ಇಳಿದಿದ್ದ ಪುಸ್ತಕಗಳು. ಈ ಸಲ ಅವನ್ನು ಹೊರುವವರೂ ಇರಲಿಲ್ಲ, ಹೊರಲು ಬಿಟ್ಟವರೂ ಇರಲಿಲ್ಲ.

ಹಿಂದಿನಿಂದ ಗಾಳಿಯಕ್ಕ ಒಂದು ಹೆಜ್ಜೆ ಒಳಗೆ ಬಂದಳು. ಬಗ್ಗಿ ಒಂದು ಪುಸ್ತಕ ಎತ್ತಲು ಹೋದಳು.

ಟೀಚರಮ್ಮ ತಿರುಗಿದಳು. ನನ್ನ ಕಡೆ ಅಲ್ಲ, ಗೋಡೆಯ ಕಡೆ ಅಲ್ಲ. ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಬಂತಲ್ಲ ನಿನ್ನ ಗಾಳಿ," ಎಂದಳು. "ಈಗ ಹೊಟ್ಟೆ ತಣ್ಣಗಾಯ್ತಾ ನಿಂಗೆ?"

ನನ್ನ ನೆತ್ತಿಗೆ ರಕ್ತ ಏರಿತು. ಆ ಮಂಚಗಳನ್ನು ನೋಡಿಯೂ ಈ ಮಾತಾ! ಮಹಡಿಗೆ ಹೊತ್ತಿದ್ದರೂ ಮಾಡಿನ ಜೊತೆ ಅವೂ ಹೋಗುತ್ತಿದ್ದವು ಎಂದು, ಒಂದು ಥ್ಯಾಂಕ್ಸ್ ಬೇಡ, ಬೈಯದಿದ್ದರೆ ಸಾಲದೇ ಎಂದು, ನಾಲಗೆಯ ತುದಿಗೆ ಬಂದದ್ದನ್ನೆಲ್ಲ ಆಡಿಬಿಡಬೇಕು ಎನ್ನುವಷ್ಟರಲ್ಲಿ ಗಾಳಿಯಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಎಂಥ ಹಿಡಿತ ಎಂದರೆ ನೋವಾಯಿತು.

ಮರಳು ತುಂಬಿದ ರಸ್ತೆಯಲ್ಲಿ ಸ್ವಲ್ಪ ದೂರ ನಡೆದು ನಿಂತಳು. ಅಳುತ್ತಾಳೆ ಎಂದುಕೊಂಡೆ, ಹೆಗಲು ಕೊಡಲು ತಯಾರಾದೆ. ಅವಳು ಅಳುತ್ತಿರಲಿಲ್ಲ. ಕಣ್ಣು ಹೊಳೆಯುತ್ತಿತ್ತು.

"ಕೇಳಿಸ್ಕೊಂಡ್ಯೇನೇ?" ಎಂದಳು. "'ಅವಳಿಗೆ' ಅನ್ನಲಿಲ್ಲ ಕಣೇ. 'ನಿಂಗೆ' ಅಂದ್ಲು. ನನ್ನ ನೋಡ್ಕೊಂಡೇ, 'ನಿಂಗೆ' ಅಂದ್ಲು."

ಕೇಳಿಸಿಕೊಂಡೆ ಎಂದೆ.